ಗಿರಣಿಯ ಶ್ರುತಿಗೆ ಹಾಡಿದವರು

ನಾನು ಓದು ಬಿಟ್ಟಿದ್ದು ೧೯೮೬ರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆ. ಯಾರೂ ಬಿಡಿಸಲಿಲ್ಲ. ಬೆಂಚಿನ ಮೇಲೆ ಕೂತರೆ ಕಾಲು ಜೋಮು ಹಿಡಿಯುತ್ತಿತ್ತು, ಕೆಲಸಕ್ಕೆ ನಿಂತರೆ ಹಿಡಿಯುತ್ತಿರಲಿಲ್ಲ, ಅಷ್ಟೇ ಕಾರಣ. ನಮ್ಮದು ಚನ್ನಗಿರಿ ತಾಲೂಕಿನ ಕತ್ತಲಗೆರೆ. ಆ ವರ್ಷವೇ ಅಕ್ಕನ ಮದುವೆಯಾಗಿತ್ತು. ಭಾವ ನ್ಯಾಮತಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದರು. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲೂಕಿಗೇ ಸೇರಿದ ಊರು. ಅಪ್ಪ ನನ್ನನ್ನು ಕರೆದುಕೊಂಡು ಹೋಗಿ ಭಾವನ ಮುಂದೆ ನಿಲ್ಲಿಸಿ, ಇವನಿಗೆ ಓದು ಹತ್ತಲಿಲ್ಲ, ದುಡಿಮೆಯಾದರೂ ಹತ್ತುತ್ತದೋ ನೋಡಿ ಎಂದರು. ಭಾವ ನನ್ನನ್ನು ಮೇಲಿಂದ ಕೆಳಗೆ ನೋಡಿ, ತಾಳ ಹಾಕಲು ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ ಎಂದೆ. ಹಾಗಾದರೆ ಎರಡೂ ಕಲಿಯಬೇಕಾಯಿತು ಎಂದರು.

ಭಾವ ಜಗಳೂರು ಕಡೆಯವರು. ಅವರ ಊರಿನಲ್ಲಿ ಗಂಡುಮಕ್ಕಳಿಗೆ ಮೀಸೆ ಮೂಡುವ ಮೊದಲೇ ಭಜನೆ ಪದ ಬಾಯಿಗೆ ಬರುತ್ತಿತ್ತಂತೆ. ಬಯಲಾಟ ಕಲಿಸಲು ಬಂದ ಒಬ್ಬ ಮೇಷ್ಟ್ರ ಹಿಂದೆ ತಿರುಗಿ ಹಾರ್ಮೋನಿಯಂ ಕಲಿತಿದ್ದರು. ಹೊಟ್ಟೆಪಾಡಿಗೆ ನ್ಯಾಮತಿಗೆ ಬಂದು ಯಾರದೋ ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಂಡಿದ್ದು, ಆಮೇಲೆ ತಮ್ಮದೇ ಒಂದು ಹಿಟ್ಟಿನ ಗಿರಣಿ ಹಾಕಿದರು. ರಾಗಿ ಜೋಳಕ್ಕೆ ಒಂದು ಕಲ್ಲು, ಗೋಧಿ ಅಕ್ಕಿಗೆ ಒಂದು, ಕೆಲವು ವರ್ಷಗಳಾದ ಮೇಲೆ ಖಾರ ಕುಟ್ಟುವ ಯಂತ್ರ. ಸವಳಂಗದ ಕಡೆಯಿಂದ ಜನ ಬಸ್ಸಿನಲ್ಲಿ ಚೀಲ ಹಾಕಿಕೊಂಡು ಬರುತ್ತಿದ್ದರು. ಸೂರಗೊಂಡನಕೊಪ್ಪದ ಜಾತ್ರೆಗೆ ಪರಸ್ಥಳದವರು ಬರುವ ದಿನಗಳಲ್ಲಿ ಸುತ್ತಲಿನ ಲಂಬಾಣಿ ತಾಂಡಾಗಳಿಂದ ಗೋಧಿ ಡಬ್ಬಿಗಳು ಬೆಳಗಿನಿಂದಲೇ ಸಾಲು ಹಚ್ಚಿರುತ್ತಿದ್ದವು.

ಮೊದಲ ವಾರ ನನಗೆ ಅಲ್ಲಿ ಗದ್ದಲ ಬಿಟ್ಟು ಬೇರೆ ಏನೂ ಕೇಳಿಸಲಿಲ್ಲ. ಭಾವನಿಗೆ ಕೇಳಿಸುತ್ತಿತ್ತು. ಅವರು ಹಾಡುವುದು ಬಿಳಿ ಒಂದರ ಶ್ರುತಿಯಲ್ಲಿ. ಹಾರ್ಮೋನಿಯಂ ನುಡಿಸುವವರು ಶ್ರುತಿಯನ್ನು ಅದರ ಬಿಳಿ ಮನೆ, ಕಪ್ಪು ಮನೆಗಳ ಲೆಕ್ಕದಲ್ಲಿಯೇ ಹೇಳುತ್ತಾರೆ. ಗಿರಣಿಯ ಮೋಟಾರು ತನ್ನಷ್ಟಕ್ಕೆ ಹಿಡಿಯುವ ಸ್ವರ ಆ ಶ್ರುತಿಗೆ ಸರಿಯಾಗಿ ಪಂಚಮ ಎಂದು ಅವರು ಕಂಡುಕೊಂಡಿದ್ದರು. ಕಲ್ಲಿಗೆ ಕಾಳು ಬಿದ್ದರೆ ಸ್ವಲ್ಪ ಇಳಿಯುತ್ತದೆ, ಮತ್ತೆ ತನ್ನ ಜಾಗಕ್ಕೆ ಬರುತ್ತದೆ ಎನ್ನುತ್ತಿದ್ದರು. ಹಾಗಾಗಿ ಗಿರಣಿ ಓಡುವಷ್ಟು ಹೊತ್ತೂ ಮೋಟಾರಿಗೆ ಬಲಗಿವಿ ಕೊಟ್ಟು, ಜನರಿಗೆ ಬೆನ್ನು ಹಾಕಿ ನಿಂತು ಹಾಡುತ್ತಿದ್ದರು. ನಾನು ಚೀಲ ತೂಗಿ, ಗಿರಣಿಯ ಬಾಯಿಗೆ ಸುರಿದು, ಹಿಟ್ಟು ತುಂಬಿ ಕಳಿಸುವುದು. ಹೆಂಗಸರು ಹಿಟ್ಟು ಆದ ಮೇಲೂ ಪದ ಮುಗಿಯಲಿ ಎಂದು ಡಬ್ಬಿ ಹಿಡಿದು ನಿಂತಿರುತ್ತಿದ್ದುದನ್ನು ನಾನು ಕಂಡಿದ್ದೇನೆ.

ಹಾರ್ಮೋನಿಯಂ ಪೆಟಗಿ ಮಾತ್ರ ಗಿರಣಿಗೆ ಬರುತ್ತಿರಲಿಲ್ಲ. ಹಿಟ್ಟಿನ ಧೂಳು ಅದರೊಳಗೆ ಹೋದರೆ ಸ್ವರ ಕಟ್ಟಿಕೊಳ್ಳುತ್ತದೆ. ಮನೆಗೆ ಹೋಗಿ, ತಲೆಗೆ ಸ್ನಾನ ಮಾಡಿ, ರೆಪ್ಪೆಯ ಹಿಟ್ಟನ್ನೂ ತೊಳೆದುಕೊಂಡು ಆಮೇಲೆ ಅದನ್ನು ಮುಟ್ಟುವುದು. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಅವರಿಗೆ ಜಡೆ ಹಾಕುವುದು ಅಕ್ಕನ ಕೆಲಸವಲ್ಲ, ಭಾವನದೇ. ಎಣ್ಣೆ ಹಚ್ಚಿ, ಬಾಚಿ, ಮೂರು ಕಾಲು ಹೆಣೆಯುತ್ತ ಅದರ ಲಯಕ್ಕೆ ಸ್ವರ ಹೇಳಿಕೊಡುತ್ತಿದ್ದರು. ತಪ್ಪು ಹೇಳಿದರೆ ಜಡೆ ಬಿಚ್ಚಿ ಮತ್ತೆ ಮೊದಲಿಂದ. ಸಣ್ಣವಳು ಹಾಡುತ್ತಿರಲಿಲ್ಲ, ಜಡೆ ಬಿಚ್ಚುತ್ತಾರೆಂದು ಅಳುತ್ತಿದ್ದಳು. ದೊಡ್ಡವಳು ಕಲಿತಳು. ಗಂಡ ಹೆಂಡತಿ ಮಕ್ಕಳು ಒಂದೇ ಪಂಕ್ತಿಯಲ್ಲಿ ಕೂರದೆ ಆ ಮನೆಯಲ್ಲಿ ಊಟವಾಗುತ್ತಿರಲಿಲ್ಲ. ಗಿರಾಕಿ ಕಾದಿದ್ದರೂ ಸರಿ, ಬೀಗ ಹಾಕಿ ಬರುತ್ತಿದ್ದರು. ಇದು ವ್ಯಾಪಾರಕ್ಕೆ ಒಳ್ಳೆಯದಲ್ಲ ಎಂದು ನಾನು ಹೇಳಿದ್ದೇನೆ. ಹಸಿದವನು ರಾಗಿ ಬೀಸಿದರೆ ತರಿ ಉಳಿಯುತ್ತದೆ ಎಂದು ಉತ್ತರ ಕೊಟ್ಟಿದ್ದಾರೆ.

ಪ್ರತಿ ಸೋಮವಾರ ಸಂಜೆ ಭಜನೆ. ಮೇಳದಲ್ಲಿ ಒಬ್ಬ ಟೇಲರು, ಒಬ್ಬರು ಅಂಚೆಯವರು, ಉಳಿದವರು ರೈತರು. ಹಾರ್ಮೋನಿಯಂ ನುಡಿಸುವುದೂ ಸಾಲು ಎತ್ತಿಕೊಡುವುದೂ ಭಾವನದು. ಅವರು ಒಂದು ಸಾಲು ಎತ್ತಿ ಹಾಡಿದರೆ ಉಳಿದವರು ಅದನ್ನೇ ತಿರುಗಿ ಹಾಡಬೇಕು. ನಾನು ಹಿಂದೆ ಕೂತು ತಾಳ ಹಾಕುತ್ತಿದ್ದೆ. ತಾಳ ನಾನು ಬೇಗ ಕಲಿತೆ; ಗಿರಣಿ ಕೆಲಸವನ್ನು ಅದಕ್ಕಿಂತ ಬೇಗ. ಕಲ್ಲು ಕಟೆಯುವುದು, ಬೆಲ್ಟು ಹಾಕುವುದು, ಮೋಟಾರು ಬಿಚ್ಚಿ ಕೂಡಿಸುವುದು ಎಲ್ಲವನ್ನೂ ಕೈಗೆ ತಂದುಕೊಂಡು, ನನ್ನ ಮದುವೆಗೆ ಮೊದಲೇ ಹೊನ್ನಾಳಿಯಲ್ಲಿ ನನ್ನದೇ ಗಿರಣಿ ಹಾಕಿದೆ. ಅದಕ್ಕೆ ಭಾವನ ನೆರವು ಕೇಳಲಿಲ್ಲ. ಅವರಾಗಿ ಕೊಡಲು ಬಂದಾಗಲೂ ತೆಗೆದುಕೊಳ್ಳಲಿಲ್ಲ. ಆದರೆ ಸೋಮವಾರದ ತಾಳ ಬಿಡಲಿಲ್ಲ. ಹೊನ್ನಾಳಿಯಿಂದ ನ್ಯಾಮತಿ ಏನು ದೂರ, ಸಂಜೆ ಬಾಗಿಲು ಹಾಕಿ ಬೈಕಿನಲ್ಲಿ ಬರುತ್ತಿದ್ದೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಭಾವ ಭಾವಮೈದುನರೆಂದರೆ ಒಬ್ಬರನ್ನೊಬ್ಬರು ಗೋಳು ಹೊಯ್ದುಕೊಳ್ಳಲೇಬೇಕು. ಹೊಯ್ದುಕೊಳ್ಳದಿದ್ದರೆ ನಡುವೆ ಏನೋ ಕೆಟ್ಟಿದೆ ಎಂದು ಜನ ವಿಚಾರಿಸುತ್ತಾರೆ. ಮದುವೆಯ ಓಕುಳಿಯಲ್ಲಿ ಶುರುವಾಗಿದ್ದು ನಮ್ಮಿಬ್ಬರ ನಡುವೆ ನಿಂತಿರಲೇ ಇಲ್ಲ. ಅವರ ಎಲೆ ಅಡಿಕೆಯೊಳಗೆ ನಾನು ಖಾರದ ಪುಡಿ ಇಟ್ಟಿದ್ದೇನೆ. ನಾನು ಹೆಣ್ಣು ನೋಡಲು ಹೋಗುವ ದಿನ ನನ್ನ ಚಪ್ಪಲಿಯೊಂದನ್ನು ಅವರು ಗೋಧಿ ಚೀಲದಲ್ಲಿ ಹೂತಿದ್ದಾರೆ. ಅವರಿಗೆ ಅನ್ನಬಾರದ್ದನ್ನು ಅನ್ನುವ ಅಧಿಕಾರ ಇಡೀ ನ್ಯಾಮತಿಯಲ್ಲಿ ನನಗೊಬ್ಬನಿಗೇ ಇತ್ತು.

ಅವರ ಕಿವಿ ಹೋಗುತ್ತಿದೆ ಎಂದು ಮೊದಲು ಗೊತ್ತಾಗಿದ್ದು ನನಗೇ. ಒಂದು ದಿನ ಹೋದಾಗ ಬೆಲ್ಟು ಜಾರಿ ಕೀರಲು ಸದ್ದು ಮಾಡುತ್ತಿತ್ತು, ಬೀದಿಯವರೆಗೂ ಕೇಳಿಸುತ್ತಿತ್ತು. ಭಾವ ಪಕ್ಕದಲ್ಲೇ ನಿಂತು ಹಾಡುತ್ತಿದ್ದರು. ರಬ್ಬರು ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆ ತಿರುಗಿ ನೋಡಿದರು. ಗಿರಣಿಯಲ್ಲಿ ಕಿವುಡು ಬೇಗ ಬಯಲಿಗೆ ಬರುವುದಿಲ್ಲ. ಅಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದು, ನುಣ್ಣಗೋ ತರಿಯೋ ಎಂದು ಬೆರಳು ಉಜ್ಜಿ ತೋರಿಸುವುದು. ಮನೆಯಲ್ಲಿ ಟಿವಿ ಸದ್ದು ಏರಿದ್ದನ್ನು ಅಕ್ಕ ವಯಸ್ಸಿನ ಲೆಕ್ಕಕ್ಕೆ ಹಾಕಿದಳು. ಫೋನು ಕೇಳಿಸದಿದ್ದರೆ ನೆಟ್‌ವರ್ಕ್ ಇಲ್ಲ ಎಂದು ಅವರೇ ಇಟ್ಟುಬಿಡುತ್ತಿದ್ದರು.

ಭಜನೆಯಲ್ಲಿ ಮುಚ್ಚಿಡಲು ಆಗಲಿಲ್ಲ. ಬೆರಳು ಹಾರ್ಮೋನಿಯಂ ಮೇಲೆ ಸರಿಯಾಗಿಯೇ ಓಡುತ್ತಿತ್ತು, ದನಿ ಮಾತ್ರ ಬೇರೆ ದಾರಿ ಹಿಡಿಯುತ್ತಿತ್ತು. ಅವರು ತಪ್ಪಿದ ಜಾಗದಲ್ಲಿ ಮೇಳದವರು ದನಿ ಏರಿಸಿ ಮುಚ್ಚತೊಡಗಿದರು. ಯಾರೂ ಕೂತು ಮಾತಾಡಿ ಮಾಡಿದ ಏರ್ಪಾಡಲ್ಲ ಅದು, ತಾನಾಗಿ ಆಯಿತು. ಆ ಹೊತ್ತಿಗೆ ಭಾವನ ಊರಿನಿಂದ ಕರೆ ಬಂತು. ಜಗಳೂರು ಕಡೆಯ ಆ ಊರಿನಲ್ಲಿ ಶ್ರಾವಣದಲ್ಲಿ ಏಳು ದಿನ ಹಗಲೂ ರಾತ್ರಿ ನಿಲ್ಲದ ಭಜನೆ. ಊರೂರಿನ ಮೇಳಗಳು ಬಂದು ಪಾಳಿಯ ಮೇಲೆ ಹಾಡುತ್ತವೆ. ಭಾವ ಬಹಳ ವರ್ಷಗಳಿಂದ ಕಾಯುತ್ತಿದ್ದ ಕರೆ. ಊರು ಬಿಟ್ಟು ಹೋದವನು ತನ್ನದೇ ಮೇಳ ಕಟ್ಟಿಕೊಂಡು ಬಂದ ಎಂದು ಅವರ ಜನ ನೋಡಬೇಕಿತ್ತು. ಅಂಗಡಿ ಸಾಲಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು. ಮೇಳದವರು ತಮ್ಮ ತಮ್ಮಲ್ಲೇ ಗುಸುಗುಸು ಶುರು ಮಾಡಿದರು. ಅಲ್ಲಿ ಕೂತಿರುವವರು ಹಾಡು ಬಲ್ಲವರು, ಮುಚ್ಚಿದರೆ ಮುಚ್ಚಿದ್ದೂ ತಿಳಿಯುತ್ತದೆ.

ಟೇಲರು ಹೊನ್ನಾಳಿಗೆ ನನ್ನ ಗಿರಣಿಗೇ ಬಂದ. ಭಾವನಿಗಿಂತ ಸ್ವಲ್ಪ ಚಿಕ್ಕವನು, ಅವರನ್ನು ಅಣ್ಣಾ ಎನ್ನುತ್ತಿದ್ದ. ಸಾಲು ಎತ್ತಿಕೊಡುವುದನ್ನು ಬೇರೆ ಯಾರಾದರೂ ಮಾಡಲಿ, ಅಣ್ಣ ಹಾರ್ಮೋನಿಯಂ ಅಷ್ಟೇ ನುಡಿಸಲಿ, ಅದನ್ನು ಅವರಿಗೆ ಹೇಳಬೇಕು ಎಂದ.

"ನೀವೇ ಹೇಳ್ರಿ" ಎಂದೆ.

"ನಮ್ ಬಾಯಾಗೆ ಬರಂಗಿಲ್ಲಪ್ಪ. ನೀನು ಬಾಮೈದ. ನೀನು ಏನಂದ್ರೂ ನಡಿತೈತೆ."

ಅವನ ಮಾತು ನನಗೂ ಸರಿ ಕಂಡಿತು. ನಾನು ಹೇಳಿದರೆ ಆಗುತ್ತದೆ ಎನ್ನುವ ಭರವಸೆ ನನಗಿತ್ತು. ಮರುದಿನವೇ ನ್ಯಾಮತಿಗೆ ಹೋಗಿ, ಮೋಟಾರು ನಿಲ್ಲಿಸಿ, ಎದುರಿಗೆ ನಿಂತು ದೊಡ್ಡ ದನಿಯಲ್ಲಿ ಹೇಳಿದೆ.

"ಭಾವ, ನಿಮ್ ಕಿವಿ ಹೋಗೈತೆ. ಪೆಟಗಿ ಒಂದ್ ಕಡೆ ಹೊಂಟೈತೆ, ನೀವೊಂದ್ ಕಡೆ ಹೊಂಟೀರಿ."

ಅವರು ಹಿಟ್ಟಿನ ಕೈಯನ್ನು ನನ್ನ ಅಂಗಿಗೆ ಒರೆಸಿದರು. "ಹೋಗದೆ ಏನ್ ಮಾಡ್ತಾವೆ? ನಿಮ್ಮಕ್ಕನ ಜತಿಗೆ ಇಷ್ಟು ವರ್ಷ ಬಾಳೇವೆ ಮಾಡೀನಿ."

ಕಾದು ನಿಂತಿದ್ದ ಹೆಂಗಸರು ನಕ್ಕರು. ನಾನು ಇನ್ನೊಮ್ಮೆ ಹೇಳಿದೆ, ನಗದೆ ಹೇಳಿದೆ. ಭಾವ ಅವರ ಕಡೆ ತಿರುಗಿ, "ಇವ್ನು ಕತ್ತಲಗೆರೆಯೋನು. ಇವ್ರ ಊರಾಗೆ ಭತ್ತ ಬೆಳೀತೈತೆ, ರಾಗ ಬೆಳಿಯಂಗಿಲ್ಲ" ಎಂದು ಮತ್ತೆ ಮೋಟಾರು ಹಾಕಿದರು. ಮೂರನೆಯ ಸಲ ಹೇಳಲು ಮನೆಗೇ ಹೋದೆ. ಅಕ್ಕ ಕಾಫಿ ತಂದವಳು, ಇವತ್ತು ಯಾವ ಆಟ ಹೂಡಿದ್ದೀರಿ ಇಬ್ಬರೂ ಎಂದು ಕೇಳಿದಳು. ಆಗ ನನಗೆ ತಿಳಿಯಿತು. ಅವರಿಗೆ ಏನನ್ನಾದರೂ ಅನ್ನಬಹುದಾದವನು ನಾನು, ಅದಕ್ಕೇ ನಾನು ಏನಂದರೂ ಅದು ತಮಾಷೆ. ಹೇಳುವ ಅಧಿಕಾರ ಇಲ್ಲದ ಟೇಲರು ಒಂದು ಮಾತು ಹೇಳಿದ್ದರೆ ಭಾವ ಅಲ್ಲೇ ಕುಸಿದು ಕೂರುತ್ತಿದ್ದರು, ನಂಬುತ್ತಿದ್ದರು. ಇದನ್ನು ಟೇಲರಿಗೆ ವಿವರಿಸಿದೆ. ಅವನು ನನ್ನ ಕೈ ಹಿಡಿದುಕೊಂಡು, ನನ್ನಿಂದ ಆಗುವುದಿಲ್ಲ, ನನ್ನ ಮಗಳ ಮದುವೆಯನ್ನು ಅಣ್ಣ ನಿಂತು ನಡೆಸಿಕೊಟ್ಟಿದ್ದಾರೆ ಎಂದ. ಹಾಗಾಗಿ ಯಾರೂ ಹೇಳದೆ ಎಲ್ಲರೂ ಹೊರಟೆವು.

ಲಗೇಜು ಗಾಡಿಯ ಹಿಂದೆ ಜಮಖಾನ ಹಾಸಿಕೊಂಡು, ಹೊನ್ನಾಳಿ ದಾಟಿ, ದಾವಣಗೆರೆ ದಾಟಿ ಹೋದೆವು. ಜಗಳೂರು ಸಮೀಪಿಸಿದಂತೆ ಭಾವ ಎದ್ದು ನಿಂತು, ಗಾಡಿಯ ಕಂಬಿ ಹಿಡಿದು, ಶೇಂಗಾ ಹೊಲಗಳನ್ನು ಇದು ಇಂಥವರದು, ಅದು ಅಂಥವರದು ಎಂದು ತೋರಿಸುತ್ತಿದ್ದರು. ಹೊಸ ಬಿಳಿ ಜುಬ್ಬ ಹೊಲಿಸಿದ್ದರು. ಹೊಲಿದವನು ಟೇಲರೇ.

ನಿಲ್ಲದ ಭಜನೆಗೆ ಒಂದು ಕಟ್ಟಳೆ ಇದೆ. ಹಾಡು ನಡುವೆ ಕಡಿಯಬಾರದು. ಪಾಳಿ ಬದಲಾಗುವಾಗ ಹೊಸ ಮೇಳದವರು ಬಂದು ಎದುರಿಗೆ ಕೂತು, ಹಳಬರು ಹಾಡುತ್ತಿರುವಾಗಲೇ ಮೆಲ್ಲಗೆ ತಾಳ ಹಿಡಿದು ಶುರು ಮಾಡುತ್ತಾರೆ. ಅದು ಕಿವಿಗೆ ಬಿದ್ದ ಕೂಡಲೇ ಹಳಬರು ದನಿ ಇಳಿಸುತ್ತ ಹೋಗಿ ಹೊಸಬರಿಗೆ ಬಿಟ್ಟುಕೊಡಬೇಕು. ದೀವಟಿಗೆಯನ್ನು ಕೈಯಿಂದ ಕೈಗೆ ಕೊಟ್ಟ ಹಾಗೆ. ಇದನ್ನು ನಮ್ಮ ಮೇಳಕ್ಕೆ ಕಲಿಸಿದವರೇ ಭಾವ.

ನಮ್ಮದು ಮಧ್ಯಾಹ್ನದ ಪಾಳಿ. ಭಾವನ ದೊಡ್ಡಪ್ಪ ಮುಂದಿನ ಸಾಲಿನಲ್ಲೇ ಗೋಡೆಗೆ ಒರಗಿ ಕೂತಿದ್ದರು. ಮೊದಲ ಪದಗಳು ಹೇಗೋ ಸಾಗಿದವು. ನಾವು ಹಿಂದಿನಿಂದ ಎಷ್ಟು ಮುಚ್ಚಲು ಆಗುತ್ತದೋ ಅಷ್ಟು ಮುಚ್ಚಿದೆವು. ಪಾಳಿ ಮುಗಿಯುವ ಹೊತ್ತಿಗೆ ಎದುರಿಗೆ ಇನ್ನೊಂದು ಊರಿನ ಮೇಳ ಬಂದು ಕೂತು ತಾಳ ಹಿಡಿಯಿತು. ಭಾವ ಕಣ್ಣು ಮುಚ್ಚಿ ಹಾಡುತ್ತಿದ್ದರು, ಇಳಿಸಲಿಲ್ಲ. ಎದುರಿನವರು ಹಾರ್ಮೋನಿಯಂ ಶುರು ಮಾಡಿದರು, ಭಾವ ಇಳಿಸಲಿಲ್ಲ. ಎರಡು ಮೇಳ, ಎರಡು ಶ್ರುತಿ, ಎರಡು ಪದ ಒಂದೇ ಗುಡಿಯೊಳಗೆ. ಭಾವ ಕಣ್ಣು ತೆರೆದಾಗ ದೊಡ್ಡಪ್ಪ ಕೈ ಎತ್ತಿ ಸಾಕು ಎಂದು ಸನ್ನೆ ಮಾಡಿದರು. ಭಾವ ಅದನ್ನು ಭೇಷ್ ಎಂದು ತಿಳಿದರು. ತಲೆ ಬಾಗಿಸಿ ನಮಸ್ಕಾರ ಮಾಡಿ, ದನಿಯನ್ನು ಇನ್ನೂ ಮೇಲಕ್ಕೆ ಏರಿಸಿದರು.

ನಮ್ಮ ಮೇಳದವರು ಒಬ್ಬೊಬ್ಬರಾಗಿ ಬಾಯಿ ಮುಚ್ಚಿದರು. ನಾನು ಎದ್ದು ಹೋಗಿ ಅವರ ಕೈ ಮೇಲೆ ಕೈ ಇಟ್ಟೆ. ಇಲ್ಲಿಯೂ ಬಿಡಲಿಲ್ಲವಲ್ಲ ಇವನು ಎಂಬಂತೆ ನಗುತ್ತ ನನ್ನ ಕೈ ತಳ್ಳಿದರು. ತಳ್ಳಿ ತಲೆ ಎತ್ತಿದಾಗ ಎದುರಿನ ಹಾರ್ಮೋನಿಯಂ ಕಾಣಿಸಿತು. ಅದರ ತಿದಿ ಆಡುತ್ತಿತ್ತು, ನುಡಿಸುವವನ ಬೆರಳುಗಳು ಓಡುತ್ತಿದ್ದವು, ಎದುರಿನವರೆಲ್ಲರ ಬಾಯಿ ತೆರೆದಿತ್ತು. ಭಾವ ಅದನ್ನು ನೋಡಿದರು. ನೋಡುತ್ತಲೇ ಅವರ ಬೆರಳು ನಿಂತವು. ನಮ್ಮ ಹಾರ್ಮೋನಿಯಂ ಸುಮ್ಮನಾಯಿತು. ಎದುರಿನವರು ಹಾಡುತ್ತಲೇ ಇದ್ದುದರಿಂದ ಹಾಡು ಕಡಿಯಲಿಲ್ಲ. ಕಟ್ಟಳೆಯ ಪ್ರಕಾರ ತಪ್ಪೇನೂ ಆಗಲಿಲ್ಲ. ಊರವರು ಶಾಲು ಹೊದಿಸಿ, ಪಾಯಸದ ಊಟ ಹಾಕಿ ಕಳಿಸಿದರು.

ಬರುವಾಗ ಗಾಡಿಯಲ್ಲಿ ಭಾವ ನನ್ನ ಪಕ್ಕ ಕೂತರು. ದಾವಣಗೆರೆ ದಾಟಿದ ಮೇಲೆ, "ಯಾವಾಗಿಂದ?" ಎಂದು ಕೇಳಿದರು.

"ಎರಡು ವರ್ಷ ಆತ್ರಿ."

ಕೇಳಿಸಲಿಲ್ಲ. ಕಿವಿಗೆ ಬಾಯಿ ಇಟ್ಟು ಕೂಗಿ ಹೇಳಬೇಕಾಯಿತು. ಗಾಡಿಯಲ್ಲಿದ್ದವರೆಲ್ಲ ನಿದ್ದೆ ಬಂದವರಂತೆ ಕಣ್ಣು ಮುಚ್ಚಿಕೊಂಡರು.

"ಹೇಳಾಕೆ ಏನಾಗಿತ್ತು ನಿಮಗೆ?"

"ಹೇಳಿದ್ನಲ್ರೀ ಭಾವ. ಮೂರು ಸಲ."

"ನೀನು ಹೇಳಿದ್ರೆ ಯಾವನು ನಂಬ್ತಾನೆ?" ಎಂದರು.

ಶಿವಮೊಗ್ಗದಲ್ಲಿ ಕಿವಿ ಡಾಕ್ಟರಿಗೆ ತೋರಿಸಿದೆವು. ಹೋದದ್ದು ಬರುವುದಿಲ್ಲ, ಗಿರಣಿ ಸದ್ದಿನಿಂದ ದೂರ ಇದ್ದರೆ ಇರುವಷ್ಟು ಉಳಿದೀತು ಎಂದು ಅವರು ಹೇಳಿದರು. ಮನೆಗೆ ಬಂದ ಮೇಲೆ ಪಂಚಾಯಿತಿ. ಭಜನೆ ಬಿಟ್ಟು ಗಿರಣಿ ಇಟ್ಟುಕೊಳ್ಳಿ, ಹಿಟ್ಟು ಬೀಸಲು ಕಿವಿ ಬೇಕಾಗಿಲ್ಲ ಎಂದಳು ಅಕ್ಕ. ಸಣ್ಣ ಮಗಳ ಮದುವೆ ಇನ್ನೂ ಆಗಬೇಕಿತ್ತು. ನನಗೂ ಅಕ್ಕನ ಮಾತೇ ಸರಿ ಎನಿಸಿತು. ದುಡಿಯುವ ಜಾಗ ಬಿಟ್ಟು ಹಾಡುವ ಜಾಗ ಹಿಡಿಯುವವರನ್ನು ನಾನು ಕಂಡಿರಲಿಲ್ಲ. ಭಾವ ಆ ವಾರ ಗಿರಣಿ ಬಾಗಿಲು ತೆಗೆಯಲಿಲ್ಲ. ಸೋಮವಾರ ನಾನು ಹೋದಾಗ ಬೀಗದ ಕೈ ತಂದು ನನ್ನ ಮುಂದಿಟ್ಟರು.

"ಗಿರಣಿ ನೀನು ನೋಡ್ಕೋ. ಉಳಿದಿರೋ ಕಿವಿ ನನಗೆ ಬೇಕು."

"ಉಳಿದಿದ್ರಾಗೆ ಮೊದ್ಲು ನನ್ ಮಾತು ಕೇಳ್ರಿ" ಎಂದು ಅಕ್ಕ ಒಳಗಿನಿಂದ ಕೂಗಿದಳು.

ಅದು ಮಾತ್ರ ಅವರಿಗೆ ಕೇಳಿಸಿತೆಂದು ಕಾಣುತ್ತದೆ, ನಕ್ಕರು. ಪುಕ್ಕಟೆ ತೆಗೆದುಕೊಳ್ಳುವವನಲ್ಲ, ತಿಂಗಳು ತಿಂಗಳು ನೀವು ಬಾಡಿಗೆ ತೆಗೆದುಕೊಂಡರೆ ಮಾತ್ರ ಮುಟ್ಟುತ್ತೇನೆ ಎಂದೆ. ಒಪ್ಪಿದರು. ಅಕ್ಕ ಒಂದು ತಿಂಗಳು ನನ್ನ ಜೊತೆಯೂ ಮಾತಾಡಲಿಲ್ಲ, ನಾನೇ ಹೂಡಿದ ಆಟ ಎಂದು ಅವಳ ಅನುಮಾನ. ಬಾಡಿಗೆ ತಪ್ಪದೆ ಬರತೊಡಗಿದ ಮೇಲೆ, ಮನೆಯಲ್ಲಿ ಹಿಟ್ಟಿನ ಧೂಳು ಗುಡಿಸುವುದು ತಪ್ಪಿತು ಎಂದಷ್ಟೇ ಹೇಳಿದಳು. ಸಣ್ಣವಳ ಮದುವೆ ಆ ಬಾಡಿಗೆಯಲ್ಲಿ, ಸ್ವಲ್ಪ ಕೈ ಬಿಗಿ ಹಿಡಿದು, ಆಯಿತು.

ಮೇಳದಲ್ಲಿ ಭಾವ ಸಾಲು ಎತ್ತಿಕೊಡುವುದನ್ನು ಟೇಲರಿಗೆ ಬಿಟ್ಟರು. ಚನ್ನಗಿರಿಗೆ ಕೊಟ್ಟ ದೊಡ್ಡ ಮಗಳು ತವರಿಗೆ ಬಂದಾಗ ಹಾರ್ಮೋನಿಯಂ ಅವಳದು, ಇಲ್ಲದಾಗ ಭಾವನದು. ಹಾಡುವವರ ಎದುರಿಗೆ ಕೂತು ಅವರ ಬಾಯಿ ನೋಡುತ್ತ, ತಿರುಗಿ ಹಾಡುವಾಗ ಮೆಲ್ಲಗೆ ದನಿ ಸೇರಿಸುತ್ತಿದ್ದರು. ಕಿವಿಯ ಮಿಷಿನ್ನು ಕೊಡಿಸಿದ್ದೆವು. ಮೊದಲ ದಿನವೇ ಭಜನೆಯ ನಡುವೆ ತೆಗೆದು ಜೇಬಿಗೆ ಹಾಕಿಕೊಂಡರು. ಗಿರಣಿಯನ್ನು ಕಿವಿಯೊಳಗೆ ಇಟ್ಟುಕೊಂಡಂತಿದೆ ಎಂದರು. ಬರಬರುತ್ತ ಏನು ಕೇಳಿಸುತ್ತಿತ್ತೋ ನಮಗೆ ತಿಳಿಯದು. ಒಂದು ಸಲ ಕೇಳಿದ್ದೆ. ತಬಲಾ ಜೋಡಿಯ ಡಗ್ಗದ ಪೆಟ್ಟು ಕೇಳಿಸುತ್ತದೆ, ಹೆಣ್ಣುಮಕ್ಕಳ ದನಿ ಕೇಳಿಸುವುದಿಲ್ಲ, ಟೇಲರನ ದನಿ ಕೇಳಿಸದಿದ್ದರೆ ಲುಕ್ಸಾನಿಲ್ಲ ಎಂದರು. ಸೋಮವಾರದ ಭಜನೆ ಅವರು ತಪ್ಪಿಸಿದ್ದು ನನಗೆ ನೆನಪಿಲ್ಲ.

ಅವರು ತೀರಿಕೊಂಡು ಈಗ ಕೆಲವು ವರ್ಷಗಳಾದವು. ನಾಲ್ಕು ದಿನ ಜ್ವರ, ಆಮೇಲೆ ಉಸಿರಿನ ತೊಂದರೆ. ಮಣ್ಣಿಗೆ ಒಯ್ಯುವವರೆಗೂ ಮೇಳ ಹಾಡಿತು, ನಾನು ತಾಳ ಹಾಕಿದೆ. ಬಾಡಿಗೆ ಈಗ ಅಕ್ಕನ ಕೈಗೆ ಕೊಡುತ್ತೇನೆ.

ನಾನೂ ಕಿವಿ ತೋರಿಸಿಕೊಂಡಿದ್ದೇನೆ. ಭಾವನಿಗೆ ಹೇಳಿದ್ದನ್ನೇ ನನಗೂ ಹೇಳಿದರು. ನನಗೆ ಬಿಟ್ಟುಕೊಡಲು ಬಾಮೈದ ಇಲ್ಲ, ಬಿಡುವ ಮನಸ್ಸೂ ಇಲ್ಲ. ಕೆಲಸದವರಿಗೆಲ್ಲ ಕಿವಿ ಮುಚ್ಚುವ ಟೋಪಿ ತಂದುಕೊಟ್ಟಿದ್ದೇನೆ. ಗಿರಾಕಿಗಳು ನೋಡಿ ನಗುತ್ತಾರೆ, ನಗಲಿ. ನಾನೂ ಹಾಕಿಕೊಳ್ಳುತ್ತೇನೆ, ಸೋಮವಾರ ಸಂಜೆ ತೆಗೆಯುತ್ತೇನೆ.

ಈಗ ನನಗಿರುವುದು ಇಷ್ಟು: ಹೊನ್ನಾಳಿಯಲ್ಲಿ ಸ್ವಂತ ಗಿರಣಿ ಒಂದು, ನ್ಯಾಮತಿಯಲ್ಲಿ ಬಾಡಿಗೆಯದು ಒಂದು. ಮನೆ ಒಂದು. ಮಕ್ಕಳು ಇಬ್ಬರು. ಕೆಲಸದವರು ಮೂರು ಜನ. ಎಡಗಿವಿ ಪೂರ್ತಿ, ಬಲಗಿವಿ ಅರ್ಧ.